ಕಂದು ಬಾರದ ಸ್ಲೈಡುಗಳು

ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಪ್ರಾಸ್ಟೇಟ್ ಗ್ರಂಥಿ ಬರುವ ದಿನ ನಾನು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕರೆ ಯಾವ ಗಳಿಗೆಯಲ್ಲಿ ಬರುತ್ತದೆಂದು ಗೊತ್ತಿರುವುದಿಲ್ಲ, ಬಂದ ಮೇಲೆ ತಡ ಮಾಡುವಂತಿಲ್ಲ. ರಕ್ತದ ಹರಿವು ನಿಂತ ಕ್ಷಣದಿಂದಲೇ ಅಂಗಾಂಶ ಕೆಡತೊಡಗುತ್ತದೆ. ಗ್ರಂಥಿ ಮೊದಲು ಹೋಗುವುದು ಪ್ಯಾಥಾಲಜಿಸ್ಟರ ಮೇಜಿಗೆ. ಅವರು ಅದನ್ನು ತೂಗಿ, ಹೊರಮೈಗೆ ಎಡಕ್ಕೊಂದು ಬಲಕ್ಕೊಂದು ಬಣ್ಣದ ಶಾಯಿ ಹಚ್ಚಿ, ಅಡ್ಡಲಾಗಿ ಹೋಳು ಮಾಡುತ್ತಾರೆ. ಗೆಡ್ಡೆ ಅಂಚಿನವರೆಗೂ ಹಬ್ಬಿದೆಯೇ ಎಂಬುದು ಆಮೇಲೆ ತಿಳಿಯುವುದು ಆ ಶಾಯಿಯಿಂದಲೇ. ರೋಗಿಯ ವರದಿಗೆ ಬೇಕಾದುದನ್ನೆಲ್ಲ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ನನಗೊಂದು ಚೂರು ಸಿಗುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕದು. ಅದರ ಜೊತೆ ಹೆಸರಿಲ್ಲದ ಒಂದು ಸಂಖ್ಯೆ.

ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ಆತಂಕದ ನಡುವೆಯೂ ಸಂಶೋಧನೆಗೆ ಒಪ್ಪಿ ಸಹಿ ಹಾಕಿದ್ದಾನೆ ಎಂಬ ನೆನಪು ನನ್ನನ್ನು ಯಾವತ್ತೂ ಬಿಟ್ಟಿಲ್ಲ. ಆ ಚೂರಿನ ಒಂದು ಪದರವೂ ಹಾಳಾಗಬಾರದು ಎಂಬ ಹಟ ಅಲ್ಲಿಂದಲೇ ಬಂದದ್ದು.

ನಾನು ಹುಡುಕುತ್ತಿದ್ದುದು ಜೀವಕೋಶಗಳ ಮೇಲ್ಮೈಯಲ್ಲಿರುವ ಗುರುತುಗಳನ್ನು. ಪ್ರತಿ ಕೋಶವೂ ತನ್ನ ಪೊರೆಯ ಮೇಲೆ ಬಗೆಬಗೆಯ ಪ್ರೋಟೀನುಗಳನ್ನೂ ಸಕ್ಕರೆಯ ಸರಪಳಿಗಳನ್ನೂ ಹೊತ್ತಿರುತ್ತದೆ. ಒಂದು ಬಗೆಯ ಕೋಶದ ಮೇಲೆ ಇರುವುದು ಪಕ್ಕದ ಕೋಶದ ಮೇಲೆ ಇರಬೇಕೆಂದಿಲ್ಲ. ಇವುಗಳಿಗೆ ಸಿಡಿ ಸಂಖ್ಯೆಗಳಿವೆ: ಸಿಡಿ10, ಸಿಡಿ44, ಸಿಡಿ57, ಹೀಗೆ. ಈ ಹೆಸರಿಡುವ ಪದ್ಧತಿ 1982ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಕಾರ್ಯಾಗಾರದಿಂದ ಶುರುವಾಯಿತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯಗಳನ್ನು, ಅಂದರೆ ಒಂದೇ ಗುರಿಗೆ ಅಂಟುವ ಒಂದೇ ಅಚ್ಚಿನ ಪ್ರೋಟೀನುಗಳನ್ನು, ತಯಾರಿಸುವ ದಾರಿ ತೋರಿಸಿದ ಮೇಲೆ ಬೇರೆ ಬೇರೆ ಪ್ರಯೋಗಾಲಯಗಳು ಬಿಳಿ ರಕ್ತಕಣಗಳ ಮೇಲಿನ ಅಣುಗಳಿಗೆ ತಮ್ಮದೇ ಪ್ರತಿಕಾಯಗಳನ್ನು ಮಾಡಿ, ತಮ್ಮದೇ ಹೆಸರಿಟ್ಟಿದ್ದವು. ಒಂದೇ ಅಣುವಿಗೆ ನಾಲ್ಕಾರು ಹೆಸರು. ಆ ಗೊಂದಲವನ್ನು ಬಗೆಹರಿಸಲು ಸಂಖ್ಯೆಗಳು ಬಂದವು. ಈಗ ಅವು 350ನ್ನೂ ದಾಟಿವೆ. ರಕ್ತಕ್ಕೆಂದು ಮಾಡಿದ ಈ ಪಟ್ಟಿಯಲ್ಲಿರುವ ಎಷ್ಟೋ ಅಣುಗಳು ಪ್ರಾಸ್ಟೇಟ್‌ನಂಥ ಗಟ್ಟಿ ಅಂಗದಲ್ಲೂ ತಮ್ಮ ತಮ್ಮ ಜಾಗ ಹಿಡಿದು ಕುಳಿತಿರುತ್ತವೆ ಎಂಬುದೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಪ್ರಾಸ್ಟೇಟ್‌ನ ಒಳರಚನೆಯನ್ನು ಒಮ್ಮೆ ಕಂಡವರು ಮರೆಯಲಾರರು. ನಾರು ಮತ್ತು ನಯವಾದ ಸ್ನಾಯುಗಳ ಹಾಸಿನ ನಡುವೆ ಅಂಕುಡೊಂಕಾದ ಪುಟ್ಟ ಪುಟ್ಟ ಗ್ರಂಥಿಗಳು. ಪ್ರತಿ ಗ್ರಂಥಿಯ ಗೋಡೆಗೆ ಎರಡು ಪದರ. ಒಳಗಿನ ಟೊಳ್ಳಿಗೆ ಮುಖ ಮಾಡಿ ನಿಂತ ಎತ್ತರದ ಸ್ರಾವಕ ಕೋಶಗಳು ಒಂದು. ಅವುಗಳ ಕಾಲಬುಡದಲ್ಲಿ ಚಪ್ಪಟೆಯಾಗಿ ಮಲಗಿದ ತಳಕೋಶಗಳು ಇನ್ನೊಂದು. ಅಲ್ಲೊಂದು ಇಲ್ಲೊಂದು ನರ-ಅಂತಃಸ್ರಾವಕ ಕೋಶ. ಕ್ಯಾನ್ಸರ್ ಬಂದ ಗ್ರಂಥಿಯಲ್ಲಿ ತಳಕೋಶಗಳ ಪದರವೇ ಇರುವುದಿಲ್ಲ. ಅಂದರೆ ಇಲ್ಲಿ ರೋಗವನ್ನು ಗುರುತಿಸುವುದು, ಬಹುಮಟ್ಟಿಗೆ, ಏನೋ ಒಂದು ಇಲ್ಲವೆಂದು ತೋರಿಸುವುದು. ಈ ಮಾತಿನ ತೂಕ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಮೇಲ್ಮೈ ಗುರುತುಗಳಿಗೆ ಇರುವ ಪ್ರತಿಕಾಯಗಳಲ್ಲಿ ಹಲವು, ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಾಲಿನ್‌ನಲ್ಲಿ ಅದ್ದಿದ ಅಂಗಾಂಶವನ್ನು ಒಪ್ಪುವುದಿಲ್ಲ. ಫಾರ್ಮಾಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದಂತೆ ಬಿಗಿದುಬಿಡುತ್ತದೆ; ಪ್ರತಿಕಾಯ ಹಿಡಿಯಬೇಕಾದ ಜಾಗ ಮುಚ್ಚಿಹೋಗುತ್ತದೆ. ಬಿಸಿ ಸಿಟ್ರೇಟ್ ದ್ರಾವಣದಲ್ಲಿ ಕುದಿಸಿ ಆ ಜಾಗವನ್ನು ಮತ್ತೆ ತೆರೆಯಬಹುದಾದರೂ ಎಲ್ಲ ಪ್ರತಿಕಾಯಗಳಿಗೂ ಅದು ಸಾಲದು. ಹಾಗಾಗಿ ನಾವು ಹೆಪ್ಪುಗಟ್ಟಿಸಿದ ಅಂಗಾಂಶವನ್ನೇ ನಂಬಿದೆವು.

ಹೆಪ್ಪುಗಟ್ಟಿಸುವುದನ್ನು ನಾನು ಮೊದಲು ಸುಲಭವೆಂದುಕೊಂಡಿದ್ದೆ. ದ್ರವ ಸಾರಜನಕ ಮೈನಸ್ 196 ಡಿಗ್ರಿ. ಅದರಲ್ಲಿ ಅದ್ದಿದರೆ ಕ್ಷಣದಲ್ಲಿ ಕಲ್ಲಾಗಬೇಕಲ್ಲವೇ? ಮೊದಲ ಚೂರನ್ನು ಹಾಗೆಯೇ ನೇರವಾಗಿ ಅದ್ದಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗ್ರಂಥಿಗಳ ಗೋಡೆಯ ತುಂಬ ತೂತುಗಳು, ಕೋಶಗಳ ನಡುವೆ ಬಿರುಕು. ಬೆಚ್ಚಗಿನ ಅಂಗಾಂಶ ತಾಗಿದೊಡನೆ ಸಾರಜನಕ ಕುದಿದು, ಚೂರಿನ ಸುತ್ತ ಅನಿಲದ ಹೊದಿಕೆ ಕಟ್ಟುತ್ತದೆ. ಆ ಹೊದಿಕೆ ಚಳಿಯನ್ನು ಒಳಗೆ ಬಿಡುವುದಿಲ್ಲ. ಅಂಗಾಂಶ ನಿಧಾನವಾಗಿ ತಣಿಯುತ್ತದೆ, ನಿಧಾನವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಬೆಳೆದು ಕೋಶಗಳನ್ನು ಸೀಳುತ್ತದೆ. ಆಮೇಲೆ ಕಲಿತ ಕ್ರಮ ಇದು: ಲೋಹದ ಬಟ್ಟಲಿನಲ್ಲಿ ಐಸೊಪೆಂಟೇನ್ ಎಂಬ, ಅಂಗಾಂಶ ತಾಗಿದರೂ ಹಾಗೆ ಕುದಿಯದ ದ್ರವ ಹಾಕಿ, ಆ ಬಟ್ಟಲನ್ನು ಸಾರಜನಕದಲ್ಲಿ ಇಳಿಬಿಟ್ಟು, ತಳದಲ್ಲಿ ಬಿಳಿ ಹೆಪ್ಪು ಕಾಣಿಸಿಕೊಳ್ಳುವವರೆಗೆ ಕಾಯುವುದು; ಓಸಿಟಿ ಎಂಬ ಅಂಟುದ್ರವದಲ್ಲಿ ಕೂರಿಸಿದ ಚೂರನ್ನು ಆಗ ಅದರಲ್ಲಿ ಇಳಿಸುವುದು. ಪಾರದರ್ಶಕವಾಗಿದ್ದ ಓಸಿಟಿ ಅಂಚಿನಿಂದ ನಡುವಿಗೆ ಬೆಳ್ಳಗಾಗುತ್ತ ಬರುವುದನ್ನು ನೋಡುವಾಗ ನಾನು ಪ್ರತಿ ಸಲವೂ ಉಸಿರು ಬಿಗಿಹಿಡಿಯುತ್ತಿದ್ದೆ. ಹಾಳಾದ ಆ ಮೊದಲ ಚೂರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕ್ರಯೋಸ್ಟಾಟ್ ಎಂದರೆ ಮೈನಸ್ 20 ಡಿಗ್ರಿಯ ಪೆಟ್ಟಿಗೆಯೊಳಗೆ ಕೂರಿಸಿದ ಹರಿತವಾದ ಅಲಗು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 5 ಮೈಕ್ರಾನ್ ದಪ್ಪದ ಒಂದು ಪದರ ಕೆಳಗಿಳಿಯುತ್ತದೆ, ಒಂದು ಕೆಂಪು ರಕ್ತಕಣದ ಅಗಲಕ್ಕಿಂತಲೂ ತೆಳ್ಳಗೆ. ಅದು ಸುರುಳಿ ಸುತ್ತಿಕೊಳ್ಳುವ ಮೊದಲೇ ಸಣ್ಣ ಕುಂಚದ ತುದಿಯಿಂದ ಹಿಡಿದು ಬಿಡಿಸಬೇಕು. ಬೆಚ್ಚಗಿನ ಗಾಜಿನ ಸ್ಲೈಡನ್ನು ಹತ್ತಿರ ತಂದರೆ ಸಾಕು, ಪದರ ತಾನಾಗಿ ಹಾರಿ ಗಾಜಿಗೆ ಅಂಟಿ ಕರಗುತ್ತದೆ. ಪ್ರಾಸ್ಟೇಟ್‌ನ ಸ್ನಾಯುಭಾಗ ಗಟ್ಟಿ, ಗ್ರಂಥಿಭಾಗ ಮೆದು. ಅಲಗಿನ ಕೆಳಗೆ ಎರಡೂ ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ಮಡಿಕೆ ಬಿದ್ದ ಪದರದಲ್ಲಿ ಬಣ್ಣ ಇಮ್ಮಡಿ ಕಾಣಿಸಿ ದಾರಿ ತಪ್ಪಿಸುತ್ತದೆ. ಒಂದು ಚೂರಿನಿಂದ ಮೂವತ್ತು ನಲವತ್ತು ಒಳ್ಳೆಯ ಪದರ ಸಿಕ್ಕರೆ ಆ ದಿನ ಸಾರ್ಥಕ.

ಗುರುತು ಎಲ್ಲಿದೆಯೆಂದು ಕಾಣುವಂತೆ ಬಣ್ಣ ಹಾಕುವ ಹಂತಗಳನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ, ಚುಟುಕಾಗಿ ಹೇಳುತ್ತೇನೆ. ತಣ್ಣನೆಯ ಅಸಿಟೋನ್‌ನಲ್ಲಿ ಹತ್ತು ನಿಮಿಷ ಇಟ್ಟು ಒಣಗಿಸುವುದು. ಅಂಗಾಂಶದಲ್ಲೇ ಇರುವ ಪೆರಾಕ್ಸಿಡೇಸ್ ಕಿಣ್ವವನ್ನು ತೀರ ತೆಳುವಾದ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸುಮ್ಮನಾಗಿಸುವುದು. ಎಲ್ಲೆಂದರಲ್ಲಿ ಅಂಟಿಕೊಳ್ಳುವ ಜಾಗಗಳನ್ನು ಮೇಕೆಯ ಸೀರಂನಿಂದ ಮುಚ್ಚುವುದು. ನಂತರ ಇಲಿಯ ಕೋಶಗಳಿಂದ ತಯಾರಾದ ಮೊದಲ ಪ್ರತಿಕಾಯ. ಅದು ಗುರಿಯನ್ನು ಹಿಡಿದ ಮೇಲೆ, ಇಲಿಯ ಪ್ರತಿಕಾಯವನ್ನು ಹಿಡಿಯಬಲ್ಲ, ಬಯೋಟಿನ್ ಕಟ್ಟಿದ, ಮೇಕೆಯ ಎರಡನೆಯ ಪ್ರತಿಕಾಯ. ಅದರ ಮೇಲೆ, ಬಯೋಟಿನ್ ಅನ್ನು ಬಿಗಿಯಾಗಿ ಹಿಡಿಯುವ ಅವಿಡಿನ್ ಮತ್ತು ಪೆರಾಕ್ಸಿಡೇಸ್‌ನ ಜೋಡಿ. ಪ್ರತಿ ಹಂತದ ನಡುವೆ ಬಫರ್‌ನಲ್ಲಿ ತೊಳೆಯುವುದು. ಇಷ್ಟು ಹೊತ್ತೂ ಪದರ ಒಂದು ಕ್ಷಣವೂ ಒಣಗಬಾರದು. ಒಣಗಿದರೆ ಅಂಚಿನಲ್ಲಿ ಸುಳ್ಳು ಬಣ್ಣ ಕಟ್ಟುತ್ತದೆ.

ಕೊನೆಯದು ಡಿಎಬಿ. ಬಣ್ಣವಿಲ್ಲದ ಈ ದ್ರಾವಣ ಪೆರಾಕ್ಸಿಡೇಸ್ ಇರುವಲ್ಲಿ ಮಾತ್ರ ಕಂದು ಗಸಿಯಾಗಿ ಅಲ್ಲಿಯೇ ಕೂರುತ್ತದೆ. ಕೈಗವಸು ತೊಟ್ಟು ಎಚ್ಚರದಿಂದ ಬಳಸಬೇಕಾದ ರಾಸಾಯನಿಕ, ಕ್ಯಾನ್ಸರ್ ತರಬಹುದೆಂಬ ಶಂಕೆ ಅದರ ಮೇಲಿದೆ. ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೇ ನಾನು ಡಿಎಬಿ ಹಾಕುತ್ತಿದ್ದೆ. ಮೊದಲ ನಿಮಿಷ ಏನೂ ಇರುವುದಿಲ್ಲ. ಎರಡನೆಯ ನಿಮಿಷಕ್ಕೆ, ಬೂದು ಮಸುಕಿನ ನಡುವೆ, ಯಾರೋ ಮೊನಚಾದ ಪೆನ್ಸಿಲಿನಿಂದ ಎಳೆಯತೊಡಗಿದಂತೆ ಒಂದು ಗೆರೆ.

ನಾನು ಮೊದಲು ಕಂಡ ಗೆರೆ ಸಿಡಿ44ರದ್ದು. ಗ್ರಂಥಿಯ ಹೊರ ಅಂಚಿನಲ್ಲಿ, ತಳಕೋಶಗಳ ಸುತ್ತ, ಒಂದೊಂದು ಕೋಶದ ಬಾಹ್ಯರೇಖೆಯೂ ಕಂದು ಬಣ್ಣದಲ್ಲಿ ಮೂಡಿತು. ಅವುಗಳ ಮೇಲೆ ನಿಂತ ಸ್ರಾವಕ ಕೋಶಗಳು ಹಾಗೇ ಖಾಲಿ. ಪಕ್ಕದ ಪದರಕ್ಕೆ ಸಿಡಿ104 ಹಾಕಿದಾಗ ಗೆರೆ ಇನ್ನೂ ಸಪೂರವಾಗಿ, ತಳಕೋಶ ತನ್ನ ತಳಪೊರೆಗೆ ತಾಗುವ ಬದಿಯಲ್ಲೇ ದಟ್ಟವಾಗಿ ಬಿತ್ತು. ಕೋಶವನ್ನು ನೆಲಕ್ಕೆ ಕಚ್ಚಿಹಿಡಿಸುವ ಅಣು ಅದು, ಇರಬೇಕಾದ ಕಡೆಯೇ ಇತ್ತು. ಸಿಡಿ10 ಇದಕ್ಕೆ ತದ್ವಿರುದ್ಧ: ಸ್ರಾವಕ ಕೋಶಗಳ ಮೇಲ್ತುದಿಯಲ್ಲಿ, ಟೊಳ್ಳಿನತ್ತ ಮುಖ ಮಾಡಿದ ಅಂಚಿನಲ್ಲಿ ಮಾತ್ರ ಒಂದು ಹೊಳಪಿನ ಪಟ್ಟಿ. ಒಂದೇ ಗ್ರಂಥಿಯ ಅಕ್ಕಪಕ್ಕದ ಪದರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಆ ಗೋಡೆ ಹೇಗೆ ಕಟ್ಟಿದೆಯೆಂಬುದು ಇಟ್ಟಿಗೆ ಇಟ್ಟಿಗೆಯಾಗಿ ಕಾಣಿಸಿತು. ಆ ಸಂಜೆ ಬಹಳ ಹೊತ್ತು ಕಣ್ಣು ತೆಗೆಯಲಾಗಲಿಲ್ಲ.

ಸಿಡಿ57ರ ಸರದಿ ಬಂದಾಗ ಎಲ್ಲ ಏರುಪೇರಾಯಿತು.

ಸಿಡಿ57 ಎಂಬುದು ಒಂದು ಸಕ್ಕರೆಯ ಗುರುತು. ಅದನ್ನು ಹಿಡಿಯುವ ಎಚ್‌ಎನ್‌ಕೆ-1 ಎಂಬ ಪ್ರತಿಕಾಯದ ವಿವರ 1981ರಲ್ಲಿ ಪ್ರಕಟವಾದದ್ದು ರಕ್ತದ ಎನ್‌ಕೆ ಕೋಶಗಳನ್ನು, ಅಂದರೆ ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳನ್ನು, ಗುರುತಿಸಲು. ಪ್ರಾಸ್ಟೇಟ್‌ನ ಸ್ರಾವಕ ಕೋಶಗಳಲ್ಲಿ ಅದು ಚೆನ್ನಾಗಿ ಕಾಣಿಸಿಕೊಳ್ಳುತ್ತದೆ. ನಾನು ಒಂಬತ್ತು ಮಾದರಿಗಳ ಒಂಬತ್ತು ಪದರಗಳಿಗೆ ಒಟ್ಟಿಗೇ ಹಾಕಿದೆ. ಎಂಟು ನಿಮಿಷ ಕಾದರೂ ಡಿಎಬಿಯಲ್ಲಿ ಒಂದು ಗೆರೆಯೂ ಏಳಲಿಲ್ಲ. ಅದೇ ದಿನ ಅದೇ ತಟ್ಟೆಯಲ್ಲಿದ್ದ ಸಿಡಿ44ರ ಸ್ಲೈಡು ಸೊಗಸಾಗಿ ಬಂದಿತ್ತು. ಹಾಗಾಗಿ ಅವಿಡಿನ್, ಡಿಎಬಿ, ಪೆರಾಕ್ಸೈಡ್ ಎಲ್ಲವೂ ಸರಿಯಾಗಿವೆ ಎಂದು ತೀರ್ಮಾನಿಸಿದೆ. ಆರರಲ್ಲಿ ಗೆಡ್ಡೆಯಿತ್ತು. ಗೆಡ್ಡೆಯಲ್ಲಿ ಈ ಗುರುತು ಕಳೆದುಹೋಗಿರಬಹುದು, ಉಳಿದ ಮೂರರಲ್ಲಿ ಪ್ರಮಾಣ ಕಡಿಮೆಯಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕೋಷ್ಟಕದಲ್ಲಿ ಒಂಬತ್ತು ಕಡೆ ಮೈನಸ್ ಚಿಹ್ನೆ ಬರೆದೆ.

ಮರುದಿನ ಪ್ರಯೋಗಾಲಯದ ಹಿರಿಯ ಸಂಶೋಧಕಿ ನನ್ನ ಪಕ್ಕ ಕುಳಿತು ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಗ್ರಂಥಿಗಳ ಮೇಲೆ ಅವರ ನೋಟ ನಿಲ್ಲಲೇ ಇಲ್ಲ. ಗಾಜನ್ನು ಸರಿಸುತ್ತ ಸರಿಸುತ್ತ ಅಂಚಿನ ಕಡೆ ಹೋಗಿ ನಿಲ್ಲಿಸಿ, "ಇಲ್ಲಿ ಏನಿದೆ ಹೇಳು" ಎಂದರು.

"ನರದ ಕಟ್ಟು, ಮೇಡಂ."

"ಅದಕ್ಕೆ ಬಣ್ಣ ಹಿಡಿದಿದೆಯೇ?"

"ಇಲ್ಲ."

"ಸಿಡಿ57 ನರದಲ್ಲಿ ಇರಲೇಬೇಕಲ್ಲ. ಅದು ಕ್ಯಾನ್ಸರಿನಲ್ಲಿ ಕಳೆದುಹೋಗುವ ಮಾತಲ್ಲ. ಹಾಗಾದರೆ ಈ ಸ್ಲೈಡು ಏನು ಹೇಳುತ್ತಿದೆ?"

ಏನನ್ನೂ ಹೇಳುತ್ತಿರಲಿಲ್ಲ. ನನಗೆ ಆಗ ಹೊಳೆಯಿತು. ಸ್ಲೈಡು "ಇಲ್ಲ" ಎಂದಿರಲಿಲ್ಲ, ಸುಮ್ಮನಿತ್ತು. ಆ ಮೌನವನ್ನು ನಾನು "ಇಲ್ಲ" ಎಂದು ಓದಿಕೊಂಡಿದ್ದೆ. ಪ್ರಾಸ್ಟೇಟ್‌ನ ತುಂಬ ನರದ ಕಟ್ಟುಗಳಿರುತ್ತವೆ. ನನ್ನ ಒಂಬತ್ತು ಸ್ಲೈಡುಗಳಲ್ಲೂ ಇದ್ದವು, ಒಂಬತ್ತರಲ್ಲೂ ಖಾಲಿಯಾಗಿದ್ದವು. ಗ್ರಂಥಿಗಳನ್ನೇ ದಿಟ್ಟಿಸುತ್ತಿದ್ದ ನಾನು ಅತ್ತ ತಿರುಗಿಯೇ ನೋಡಿರಲಿಲ್ಲ.

ಕಾರಣ ಸಿಕ್ಕಿದ್ದು ಬಾಟಲಿಯ ಜೊತೆ ಬಂದ ಕಾಗದದಲ್ಲಿ. ನಾನು ಬಳಸುತ್ತಿದ್ದ ಬೇರೆಲ್ಲ ಪ್ರತಿಕಾಯಗಳೂ ಐಜಿಜಿ ಎಂಬ, ಒಂಟಿ ಘಟಕದ ವರ್ಗದವು. ಎಚ್‌ಎನ್‌ಕೆ-1 ಐಜಿಎಂ ವರ್ಗದ್ದು: ಐದು ಘಟಕಗಳು ಸೇರಿ ಚಕ್ರದಂತೆ ಕೂಡಿಕೊಂಡ ದೊಡ್ಡ ಅಣು. ನಮ್ಮ ಎರಡನೆಯ ಪ್ರತಿಕಾಯವೋ ಐಜಿಜಿಯ ಭಾರ ಸರಪಳಿಯನ್ನು ಮಾತ್ರ ಹಿಡಿಯುವಂಥದ್ದು. ಮೊದಲ ಪ್ರತಿಕಾಯ ತನ್ನ ಗುರಿಯನ್ನು ಹಿಡಿದು ಕುಳಿತಿತ್ತು. ಅದರ ಕೈ ಹಿಡಿಯಲು ಮುಂದಿನ ಕೊಂಡಿಯೇ ಇರಲಿಲ್ಲ. ಐಜಿಎಂ ಹಿಡಿಯುವ ಎರಡನೆಯ ಪ್ರತಿಕಾಯ ತರಿಸಲು ಕೆಲವು ವಾರ ಬೇಕಾದವು.

ಆ ವಾರಗಳಲ್ಲಿ ನಾನು ಹಳೆಯ ಸ್ಲೈಡುಗಳನ್ನೆಲ್ಲ ಹೊರತೆಗೆದು ಮತ್ತೆ ನೋಡಿದೆ, ಈ ಸಲ ಬೇರೆ ಕಣ್ಣಿನಿಂದ. ಪ್ರತಿ ಗುರುತಿಗೂ ಅದೇ ಪದರದಲ್ಲಿ ಒಂದು ಸಾಕ್ಷಿ ಬೇಕು. ಸಿಡಿ34ಕ್ಕೆ ರಕ್ತನಾಳದ ಒಳಗೋಡೆ, ಸಿಡಿ45ಕ್ಕೆ ಅಲ್ಲಲ್ಲಿ ಗುಂಪುಗೂಡಿದ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು. ಸಿಡಿ10ಕ್ಕೆ, ಗೆಡ್ಡೆಯ ಪಕ್ಕದಲ್ಲಿ ಉಳಿದುಕೊಂಡ ಆರೋಗ್ಯವಂತ ಗ್ರಂಥಿ. ಹಲವು ಗೆಡ್ಡೆಗಳಲ್ಲಿ ಸಿಡಿ10 ಕ್ಷೀಣಿಸುತ್ತದೆ, ಸಿಡಿ13 ಕೂಡ. ಆದರೆ ಚೂರಿನ ತುಂಬ ಗೆಡ್ಡೆಯೇ ಇದ್ದು ಒಂದೂ ಒಳ್ಳೆಯ ಗ್ರಂಥಿ ಇಲ್ಲದಿದ್ದರೆ, ಬಣ್ಣ ಬಾರದಿರುವುದಕ್ಕೆ ಗೆಡ್ಡೆ ಕಾರಣವೋ ನನ್ನ ಕೈ ಕಾರಣವೋ ಆ ಸ್ಲೈಡಿನಿಂದ ಹೇಳಲಾಗದು. ಅಂಥ ಕಡೆ ಮೈನಸ್ ಅಳಿಸಿ "ನಿರ್ಧರಿಸಲಾಗದು" ಎಂದು ಬರೆದೆ. ಕೋಷ್ಟಕದಲ್ಲಿ ಖಾಲಿ ಮನೆಗಳು ಹೆಚ್ಚಾದವು. ನೋಡಲು ಚೆನ್ನಾಗಿರಲಿಲ್ಲ, ಆದರೆ ಅದರಲ್ಲಿ ಉಳಿದದ್ದನ್ನು ನಾನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲವನಾಗಿದ್ದೆ.

ಬಂದ ಬಣ್ಣವನ್ನೂ ಹಾಗೆಯೇ ಪ್ರಶ್ನಿಸಬೇಕಿತ್ತು. ಗ್ರಂಥಿಯ ಟೊಳ್ಳಿನಲ್ಲಿ ಉಂಗುರ ಉಂಗುರವಾಗಿ ಗಟ್ಟಿಕಟ್ಟಿದ ಅಮೈಲೇಸಿಯಾ ಗುಂಡುಗಳು ಪ್ರತಿಕಾಯ ಯಾವುದಾದರೂ ಸರಿ, ಕಂದಾಗುತ್ತವೆ. ಕೆಂಪು ರಕ್ತಕಣಗಳೂ ಮೋಸ ಮಾಡುತ್ತವೆ. ಗುರಿಯೇ ಇಲ್ಲದ, ಆದರೆ ಅದೇ ವರ್ಗದ ಪ್ರತಿಕಾಯವನ್ನು ಒಂದು ಪದರಕ್ಕೆ ಹಾಕಿ ಇದನ್ನು ಪರೀಕ್ಷಿಸುತ್ತಾರೆ; ಆ ಸ್ಲೈಡಿನಲ್ಲಿ ಕಾಣುವ ಕಂದೆಲ್ಲ ಸುಳ್ಳು. ಸಿಡಿ57ಕ್ಕೆ ಈ ಸ್ಲೈಡೂ ಐಜಿಎಂನದ್ದೇ ಆಗಬೇಕು. ಅದಾದ ಮೇಲೆ ಯಾವ ತಟ್ಟೆಯಲ್ಲೂ ಮೊದಲು ಆ ಖಾಲಿ ಸ್ಲೈಡನ್ನು, ಆಮೇಲೆ ಸಾಕ್ಷಿಯನ್ನು, ಕೊನೆಗೆ ಗ್ರಂಥಿಯನ್ನು ನೋಡುವುದು ನನ್ನ ರೂಢಿಯಾಯಿತು.

ಪ್ಯಾಥಾಲಜಿಸ್ಟರ ಜೊತೆ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಮುಂದೆ ಕುಳಿತ ಒಂದು ಮಧ್ಯಾಹ್ನವನ್ನೂ ಇಲ್ಲಿ ಹೇಳಬೇಕು. ಒಂದು ಗ್ರಂಥಿಯ ಸುತ್ತ ಸಿಡಿ44ರ ಗೆರೆ ಪೂರ್ತಿ ಮಾಯವಾಗಿತ್ತು. "ಕ್ಯಾನ್ಸರ್" ಎಂದೆ. ಅವರು ಒಪ್ಪಲಿಲ್ಲ. ಮುಂದಿನ ಪದರ ಕೇಳಿದರು, ಅದರ ಮುಂದಿನದನ್ನೂ ಕೇಳಿದರು. ಮೂರನೆಯ ಪದರದಲ್ಲಿ ಅದೇ ಗ್ರಂಥಿಯ ಬುಡದಲ್ಲಿ ಮೂರು ತಳಕೋಶಗಳು ಕಂದಾಗಿ ಕುಳಿತಿದ್ದವು. ಕ್ಯಾನ್ಸರಿಗೆ ಮುನ್ನಿನ ಹಂತದಲ್ಲಿ ತಳಕೋಶಗಳ ಸಾಲು ಹರಿದು ತುಂಡುತುಂಡಾಗುತ್ತದೆ. 5 ಮೈಕ್ರಾನ್ ದಪ್ಪದ ಒಂದು ಪದರ ಎರಡು ತುಂಡುಗಳ ನಡುವಿನ ಖಾಲಿಯಲ್ಲೇ ಹಾದುಹೋಗಬಹುದು. ಅವರು ವರದಿಗೆ ಇದೊಂದನ್ನೇ ನೆಚ್ಚುವುದಿಲ್ಲ; ಕೋಶಕೇಂದ್ರದೊಳಗಿನ ಪಿ63 ಎಂಬ ಪ್ರೋಟೀನನ್ನೂ, ತಳಕೋಶಗಳ ಕೆರಾಟಿನ್‌ಗಳನ್ನೂ, ಗೆಡ್ಡೆಯಲ್ಲಿ ಹೆಚ್ಚಾಗುವ ಎಎಂಎಸಿಆರ್ ಎಂಬ ಕಿಣ್ವವನ್ನೂ ಸೇರಿಸಿ ನೋಡುತ್ತಾರೆ. ಒಬ್ಬ ಮನುಷ್ಯನ ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ನನ್ನ ಕೋಷ್ಟಕದ ಮೇಲೆ ಯಾರ ಚಿಕಿತ್ಸೆಯೂ ನಿಂತಿರಲಿಲ್ಲ, ಆದರೂ ಆ ಮಧ್ಯಾಹ್ನದ ನಂತರ ಒಂದೇ ಪದರವನ್ನು ನಂಬಿ ನಾನು ಏನನ್ನೂ ಬರೆದಿಲ್ಲ.

ಹೊಸ ಪ್ರತಿಕಾಯ ಬಂದಾಗ ಒಂಬತ್ತು ಮಾದರಿಗಳ ಪೈಕಿ ಏಳನೆಯದರಲ್ಲಿ ಅಂಗಾಂಶ ಬಹುತೇಕ ಮುಗಿದಿತ್ತು. ಓಸಿಟಿಯ ಬಿಳಿಯ ನಡುವೆ ಒಂದು ನಸುಗೆಂಪು ಕಲೆ ಉಳಿದಿತ್ತು, ಅಷ್ಟೇ. ಆ ದಿನ ಕ್ರಯೋಸ್ಟಾಟ್‌ನ ಹಿಡಿ ತಿರುಗಿಸುವಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. ನಾಲ್ಕು ಪದರ ಸಿಕ್ಕವು. ಒಂದರಲ್ಲಿ ಮಡಿಕೆ ಬಿತ್ತು. ಒಂದು ಐಜಿಎಂ ಪರೀಕ್ಷೆಗೆ, ಒಂದು ಸಿಡಿ57ಕ್ಕೆ, ಒಂದು ಕಾದಿರಿಸಲು.

ಡಿಎಬಿ ಹಾಕಿ ನೇರವಾಗಿ ಅಂಚಿಗೆ ಹೋದೆ, ನರ ಇದ್ದ ಕಡೆ. ಎರಡು ನಿಮಿಷ ತುಂಬುವ ಮೊದಲೇ ನರದ ಕಟ್ಟು ಅಡ್ಡ ಕತ್ತರಿಸಿದ ಹಗ್ಗದ ತುದಿಯಂತೆ ಕಂದು ಚುಕ್ಕೆಗಳಾಗಿ ತೆರೆದುಕೊಂಡಿತು. ಖಾಲಿ ಸ್ಲೈಡು ಖಾಲಿಯಾಗಿಯೇ ಇತ್ತು. ಆಮೇಲೆ ಗೆಡ್ಡೆಯ ಕಡೆ ಸರಿಸಿದೆ. ಚಿಕ್ಕ ಚಿಕ್ಕ ಗ್ರಂಥಿಗಳು, ಸುತ್ತ ತಳಕೋಶಗಳಿಲ್ಲ, ಸ್ನಾಯುವಿನ ಎಳೆಗಳ ನಡುವೆ ನುಸುಳಿಕೊಂಡು ಹೋಗಿದ್ದವು. ಅವುಗಳ ಕೋಶಗಳೆಲ್ಲ ದಟ್ಟ ಕಂದು.

ಕೋಷ್ಟಕದ ಏಳನೆಯ ಸಾಲಿನಲ್ಲಿದ್ದ ಮೈನಸ್ ಮೇಲೆ, ಹಳೆಯದು ಕಾಣುವಂತೆಯೇ, ಒಂದು ಗೆರೆ ಎಳೆದೆ. ಪಕ್ಕದಲ್ಲಿ ಪ್ಲಸ್ ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಆಮೇಲೆ ಎಂಟನೆಯ ಮಾದರಿಯನ್ನು ಹೊರತೆಗೆಯಲು ಶೀತಕದ ಕಡೆ ನಡೆದೆ.